ಸೇಬಿನ ಕಚ್ಚು ಯಾವ ಕಡೆಗಿದೆ?

ಆ್ಯಪಲ್ ಕಂಪನಿಯ ಲೋಗೋವನ್ನು ದಿನಕ್ಕೆ ಹತ್ತಾರು ಸಲ ನೋಡುತ್ತೀರಿ. ಕಣ್ಣು ಮುಚ್ಚಿ ಹೇಳಿ, ಸೇಬನ್ನು ಕಚ್ಚಿರುವುದು ಎಡಕ್ಕೋ ಬಲಕ್ಕೋ? ಎಲೆ ವಾಲಿರುವುದು ಯಾವ ಕಡೆಗೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಮನೋವಿಜ್ಞಾನಿಗಳು 85 ವಿದ್ಯಾರ್ಥಿಗಳ ಕೈಗೆ ಪೆನ್ಸಿಲ್ ಕೊಟ್ಟು ಈ ಲೋಗೋವನ್ನು ನೆನಪಿನಿಂದ ಬಿಡಿಸಲು ಹೇಳಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ತಪ್ಪಿಲ್ಲದೆ ಬಿಡಿಸಿದ್ದು ಒಬ್ಬರೇ. ಸಣ್ಣಪುಟ್ಟ ವ್ಯತ್ಯಾಸ ಮಾಡಿದ ಹಲವು ಸೇಬುಗಳ ನಡುವೆ ಅಸಲಿಯನ್ನು ಗುರುತಿಸಿದವರೂ ಅರ್ಧಕ್ಕಿಂತ ಕಡಿಮೆ. ಅಂದಹಾಗೆ, ಕಚ್ಚು, ಎಲೆ ಎರಡೂ ಬಲಕ್ಕಿವೆ.

ಎಲ್ಲರಿಗೂ ಗೊತ್ತಿರುವ ಲೋಗೋ ಅಥವಾ ಚಿತ್ರವನ್ನು ತುಸು ತಿರುಚಿ ಟೀಕೆ ಮಾಡುವುದು ಚಿತ್ರದ ಅಣಕ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದರ ಕೀಲಿ ಇಲ್ಲಿದೆ. ಮೆದುಳು ಲೋಗೋವನ್ನು ಫೋಟೋ ತೆಗೆದಂತೆ ಎತ್ತಿಡುವುದಿಲ್ಲ. ಹೊರಗೆರೆ, ಒಂದೆರಡು ಬಣ್ಣ, ಅಕ್ಷರಗಳ ಓಟ, ಇಷ್ಟೇ ಅದಕ್ಕೆ ಸಾಕು. ಯಕ್ಷಗಾನದ ಬಯಲಿನಲ್ಲಿ ಕೊನೆಯ ಸಾಲಿನವರಿಗೆ ಮುಖಕ್ಕಿಟ್ಟ ಚಿಟ್ಟಿಯ ಚುಕ್ಕಿಗಳು ಕಾಣುವುದಿಲ್ಲ, ಆದರೂ ಕಿರೀಟದ ಗಾತ್ರ ನೋಡಿಯೇ ರಾಕ್ಷಸನ ಬಣ್ಣದ ವೇಷ ಬಂತು ಅನ್ನುತ್ತಾರೆ. ರಂಗೋಲಿಯ ಲೆಕ್ಕದಲ್ಲಿ ಹೇಳುವುದಾದರೆ, ಮೆದುಳು ಚುಕ್ಕಿಗಳನ್ನಷ್ಟೇ ಜೋಪಾನ ಮಾಡಿ, ಎಳೆಗಳನ್ನು ಪ್ರತಿ ಸಲವೂ ಹೊಸದಾಗಿ ಎಳೆದುಕೊಳ್ಳುತ್ತದೆ. ಅಣಕ ಮಾಡುವವರು ಚುಕ್ಕಿಗಳನ್ನು ಮುಟ್ಟದೆ, ಒಂದೇ ಒಂದು ಎಳೆಯನ್ನು ಬೇರೆ ದಿಕ್ಕಿಗೆ ತಿರುಗಿಸುತ್ತಾರೆ.

ಆ ತಿರುವಿನಲ್ಲಿ ಆಗುವುದೇನು? 'ಹಾಸಿಗೆ ಇದ್ದಷ್ಟು' ಎಂದು ಹೇಳಿ ನಿಲ್ಲಿಸಿ. ಎದುರಿನವರ ನಾಲಿಗೆಯ ತುದಿಗೆ 'ಕಾಲು ಚಾಚು' ಬಂದಾಗಿರುತ್ತದೆ. ಅಷ್ಟರಲ್ಲಿ ನೀವು 'ಸಾಲ ಮಾಡು' ಅಂದರೆ ಹಳೆಯ ಮಾತು, ಹೊಸ ಮಾತು ಎರಡೂ ಒಟ್ಟಿಗೆ ಕೇಳಿಸುತ್ತವೆ, ಒಂದನ್ನೊಂದು ಗುದ್ದುತ್ತವೆ. ಈ ಗುದ್ದನ್ನು ಅಳೆಯಬಹುದು. 1980ರಲ್ಲಿ ಮಾರ್ಟಾ ಕೂಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ ಎಂಬ ವಿಜ್ಞಾನಿಗಳು ಜನರ ತಲೆಗೆ ವಿದ್ಯುದ್ವಾರ ಅಂಟಿಸಿ, 'ಬಿಸಿ ಬ್ರೆಡ್ಡಿಗೆ ಕಾಲುಚೀಲ ಸವರಿದ' ಎಂಬಂಥ ವಾಕ್ಯಗಳನ್ನು ಓದಿಸಿದರು. ಕಾಲುಚೀಲ ಎಂಬ ಪದ ಕಣ್ಣಿಗೆ ಬಿದ್ದು ಸುಮಾರು 400 ಮಿಲಿಸೆಕೆಂಡಿಗೆ ಮೆದುಳಿನ ವಿದ್ಯುತ್ ಅಲೆ ಋಣದ, ಅಂದರೆ ನೆಗೆಟಿವ್ ಕಡೆಗೆ ಜಿಗಿಯಿತು. ಅದಕ್ಕೇ ಅದರ ಹೆಸರು ಎನ್400. ಹೊಂದದ ವಸ್ತು ಚಿತ್ರದಲ್ಲಿದ್ದಾಗಲೂ ಇದರ ಸೋದರನಂಥ ಅಲೆ ಏಳುತ್ತದೆ. ಅರ್ಥ ಕೈಕೊಟ್ಟಿತು, ಹೊಸ ಅರ್ಥ ಹುಡುಕು ಎಂದು ಮೆದುಳು ಕೆಲಸಕ್ಕಿಳಿದ ಹೊತ್ತು ಅದು. ಟೀಕೆ ಒಳಗೆ ಹೋಗುವುದು ಆ ಬಾಗಿಲಿನಿಂದ. ನೋಡುಗ ಅದನ್ನು ತಾನೇ ಬಿಡಿಸಿಕೊಂಡಿರುತ್ತಾನೆ, ಹಾಗಾಗಿ ಯಾರೋ ಹೇಳಿದ ಮಾತಿಗಿಂತ ಗಟ್ಟಿಯಾಗಿ ಕೂರುತ್ತದೆ.

ಇಲ್ಲೊಂದು ಮೂಢನಂಬಿಕೆಯನ್ನು ಕಿತ್ತುಹಾಕಬೇಕು. ಚಿತ್ರಗಳು ಗೊತ್ತಾಗದಂತೆ ಸುಪ್ತಮನಸ್ಸಿಗೆ ಇಳಿದು ಆಜ್ಞೆ ಕೊಡುತ್ತವೆ ಎಂದು ಇಂದಿಗೂ ಹೇಳುವವರಿದ್ದಾರೆ. ಇದರ ಮೂಲ 1957ರಲ್ಲಿ ಅಮೆರಿಕದ ಮಾರುಕಟ್ಟೆ ಸಮೀಕ್ಷಕ ಜೇಮ್ಸ್ ವಿಕರಿ ಮಾಡಿದ ಪ್ರಚಾರ: ಸಿನಿಮಾ ಪರದೆಯ ಮೇಲೆ ಕಣ್ಣಿಗೆ ಸಿಗದಷ್ಟು ವೇಗದಲ್ಲಿ ಸಂದೇಶ ಮಿಂಚಿಸಿ ಪಾಪ್‌ಕಾರ್ನ್ ಮಾರಾಟ ಹೆಚ್ಚಿಸಿದೆ ಅಂದಿದ್ದ. 1962ರಲ್ಲಿ ಅವನೇ ಅದು ಗಿಮಿಕ್ ಎಂದು ಒಪ್ಪಿಕೊಂಡ. ಅಣಕದ ದಾರಿ ಇದಕ್ಕೆ ತದ್ವಿರುದ್ಧ, ಗಮನಿಸದಿದ್ದರೆ ಅದು ಸತ್ತಂತೆ. ಸೇಬಿನ ಕಚ್ಚನ್ನು ಎಡಕ್ಕೆ ತಿರುಗಿಸಿದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಬದಲಾವಣೆ ಅರ್ಥ ಇರುವ ಜಾಗದಲ್ಲೇ ಬೀಳಬೇಕು.

ದಕ್ಷಿಣ ಆಫ್ರಿಕಾದ ಒಂದು ಟಿ-ಶರ್ಟನ್ನು ಹತ್ತಿರದಿಂದ ನೋಡೋಣ. 'ಕಾರ್ಲಿಂಗ್ ಬ್ಲ್ಯಾಕ್ ಲೇಬಲ್' ಅಲ್ಲಿ ಮನೆಮಾತಾದ ಬಿಯರ್. 'ಲಾಫ್ ಇಟ್ ಆಫ್' ಎಂಬ ಸಣ್ಣ ಸಂಸ್ಥೆ ಅದರ ಚೀಟಿಯ ಬಣ್ಣ, ಅಕ್ಷರ, ಅಂಚು ಹಾಗೇ ಉಳಿಸಿಕೊಂಡು 'ಬ್ಲ್ಯಾಕ್ ಲೇಬಲ್' ಇದ್ದಲ್ಲಿ 'ಬ್ಲ್ಯಾಕ್ ಲೇಬರ್' ಎಂದು ಬರೆಯಿತು. ಬ್ಲ್ಯಾಕ್ ಎಂಬ ಪದವನ್ನು ಮುಟ್ಟಿಲ್ಲ, ಎರಡನೆಯ ಪದದ ಮೊದಲ ಮೂರು ಇಂಗ್ಲಿಷ್ ಅಕ್ಷರಗಳೂ ಅವೇ. ಓದುತ್ತಾ ಓದುತ್ತಾ ಪದದ ಅರ್ಧದಲ್ಲಿ ಕಾಲು ಜಾರುತ್ತದೆ. ಕೆಳಗೆ 'ವೈಟ್ ಗಿಲ್ಟ್', ಬಿಳಿಯರ ಪಾಪಪ್ರಜ್ಞೆ. ಬಿಯರಿನ ಬಣ್ಣನೆ ಇದ್ದ ಸಾಲಿನಲ್ಲಿ ಆಫ್ರಿಕಾದ ಶೋಷಣೆ '1652ರಿಂದ' ಎಂದಿತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿ ಕೇಪ್ ತೀರದಲ್ಲಿ ನೆಲೆಯೂರಿದ ವರ್ಷ ಅದು. ಬದಲಾದ ಸಾಲುಗಳೆಲ್ಲ ತೋರಿಸುವುದು ಒಂದೇ ಕಡೆಗೆ. ಬಿಯರ್ ಕಂಪನಿ ಕೋರ್ಟಿಗೆ ಹೋಯಿತು, ಕೆಳಗಿನ ಹಂತಗಳಲ್ಲಿ ಗೆದ್ದಿತು. ಆದರೆ 2005ರ ಮೇ ತಿಂಗಳಲ್ಲಿ ಸಾಂವಿಧಾನಿಕ ನ್ಯಾಯಾಲಯ, ವ್ಯಾಪಾರಕ್ಕೆ ನಷ್ಟವಾಗುವ ಸಂಭವವನ್ನು ಕಂಪನಿ ಸಾಬೀತು ಮಾಡಿಲ್ಲ ಎಂದು ಟಿ-ಶರ್ಟಿನ ಪರ ನಿಂತಿತು. ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್ ತಮ್ಮ ಪ್ರತ್ಯೇಕ ತೀರ್ಪನ್ನು ಆರಂಭಿಸಿದ್ದೇ 'ಕಾನೂನಿಗೆ ಹಾಸ್ಯಪ್ರಜ್ಞೆ ಇದೆಯೇ?' ಎಂದು ಕೇಳುತ್ತಾ. ನಮ್ಮಲ್ಲೂ 2011ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಇದೇ ದಾರಿ ಹಿಡಿಯಿತು. ಟಾಟಾ ಪಾಲಿದ್ದ ಒಡಿಶಾದ ಧಾಮ್ರಾ ಬಂದರಿನಿಂದ ಆಲಿವ್ ರಿಡ್ಲೆ ಕಡಲಾಮೆಗಳಿಗೆ ಅಪಾಯ ಎಂದು, ಟಾಟಾ ಲೋಗೋ ಬಳಸಿ ಪರಿಸರ ಸಂಘಟನೆ ಗ್ರೀನ್‌ಪೀಸ್ ಮಾಡಿದ್ದ ಕಂಪ್ಯೂಟರ್ ಗೇಮಿಗೆ ತಡೆ ಕೊಡಲು ಅದು ಒಪ್ಪಲಿಲ್ಲ.

ಯಾವ ಲೋಗೋ ಸಿಕ್ಕರೂ ಕೋರೆಹಲ್ಲು, ಕೊಂಬು, ತಲೆಬುರುಡೆ ಅಂಟಿಸಿ ಅಣಕ ಎನ್ನುವುದು ಬೇಸರದ ಸಂಗತಿ. ಅದು ಬೈಗುಳ ಮಾತ್ರ. ಪರೀಕ್ಷೆ ಸುಲಭ: ಅದೇ ಕೊಂಬನ್ನು ಇನ್ನೊಂದು ಕಂಪನಿಯ ಲೋಗೋಗೆ ಇಟ್ಟರೂ ನಡೆಯುತ್ತದಾ? ನಡೆದರೆ ಆ ಚಿತ್ರ ಏನನ್ನೂ ಹೇಳಿಲ್ಲ. ಬಿಪಿ ತೈಲ ಕಂಪನಿ 2000ದಲ್ಲಿ ಹಸಿರು ಹಳದಿಯ ಲೋಗೋ ಹಾಕಿಕೊಂಡಿತು, ಅದು ಹೂವೂ ಹೌದು, ಸೂರ್ಯನೂ ಹೌದು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿಗಾಗಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು, 87 ದಿನ ಕಚ್ಚಾತೈಲ ಸಮುದ್ರಕ್ಕೆ ಹರಿಯಿತು. ಆಗ ಲೋಗೋ ಮರುವಿನ್ಯಾಸಕ್ಕೆ ಗ್ರೀನ್‌ಪೀಸ್ ಸ್ಪರ್ಧೆ ಇಟ್ಟಿತು. ಆ ಹೂವಿನ ಎಸಳಿನಿಂದ ಕಪ್ಪು ಎಣ್ಣೆ ಇಳಿಯುವಂತೆ ಬರೆದರೆ ಸಾಕು, ಹಸಿರು ಎಂದು ತಾನೇ ಹೇಳಿಕೊಂಡ ಕಂಪನಿಗೆ ಅದರ ಮಾತನ್ನೇ ತಿರುಗಿಸಿ ಹೇಳಿದಂತೆ. ಈ ಎಣ್ಣೆಯನ್ನು ಬ್ಯಾಂಕಿನ ಲೋಗೋ ಮೇಲೆ ಸುರಿದರೆ ಯಾರಿಗೂ ಏನೂ ಅರ್ಥವಾಗದು.

ಅಣಕ ಮಾಡಲು ಹೊರಟವರಿಗೆ ಲೆಕ್ಕ ಇಷ್ಟು. ಮುಖ್ಯ ಬಣ್ಣ, ಹೊರಗೆರೆ, ಅಕ್ಷರದ ವಿನ್ಯಾಸ ಮೂರನ್ನೂ ಉಳಿಸಿ. ಅರ್ಥದ ಬದಲಾವಣೆ ಒಂದು. ಎರಡನೆಯದು ಬೇಕೇ ಬೇಕಾದರೆ ಅದು ಮೊದಲನೆಯದಕ್ಕೇ ಬಲ ಕೊಡುವಂತಿರಲಿ. ನಂತರ 1 ಅಂಗುಲದಷ್ಟು ಚಿಕ್ಕದಾಗಿ ಪ್ರಿಂಟ್ ತೆಗೆದು ಕಣ್ಣು ಕಿರಿದು ಮಾಡಿ ನೋಡಿ. ಅಸಲಿ ಲೋಗೋ ಎಂದೇ ಅನ್ನಿಸಿದರೆ ಸರಿ. ಮಾಮೂಲಿ ಗಾತ್ರದಲ್ಲಿ ಓದಿದಾಗ ಎಡವಬೇಕು. ಕನ್ನಡ ಇದಕ್ಕೆ ಹೇಳಿಮಾಡಿಸಿದ ಲಿಪಿ. ಹಾಲಿನ ಪ್ಯಾಕೆಟ್ಟಿನ ಮೇಲೆ 'ಹಾಲು' ಇದ್ದಲ್ಲಿ 'ಹಾಳು' ಬರೆಯಿರಿ. 'ಹಾ' ಹಾಗೇ ಇದೆ, ಉಕಾರದ ಕೊಂಬು ಹಾಗೇ ಇದೆ, ನಡುವೆ 'ಲ' ಹೋಗಿ 'ಳ' ಬಂದಿದೆ, ಅಷ್ಟೇ. ಕಲಬೆರಕೆಯ ಬಗ್ಗೆ ಬೇರೆ ಮಾತು ಬೇಕಾಗುವುದಿಲ್ಲ.

ಕಲಾಕೃತಿಗಳ ವಿಷಯದಲ್ಲಿ ಇನ್ನೂ ಒಂದು ತೊಡಕು ಇದೆ, ಮೂಲ ಚಿತ್ರ ನೋಡುಗರ ಮನೆಯಲ್ಲಿ ಇರಬೇಕು. ರವಿವರ್ಮನ ಲಕ್ಷ್ಮಿ ಹಾಗೆ ಇದ್ದಾಳೆ. 1894ರಲ್ಲಿ ಮುಂಬಯಿಯಲ್ಲಿ ಅವನು ಶುರುಮಾಡಿದ ಕಲ್ಲಚ್ಚಿನ ಪ್ರೆಸ್ಸು, ಆಮೇಲೆ ಕ್ಯಾಲೆಂಡರುಗಳು ಅವಳನ್ನು ನಮ್ಮ ದೇವರಮನೆಗಳಿಗೆ ತಂದವು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ದಕ್ಷಿಣ ಭಾರತದ ಸ್ತ್ರೀಯರ ಜನಪ್ರಿಯ ಚಿತ್ರಗಳನ್ನು ಮರುಸೃಷ್ಟಿಸಿದರು. ಉಡುಪು, ಒಡವೆ, ಬಣ್ಣ ಬಳಿದ ಪರದೆ ಎಲ್ಲವನ್ನೂ ಮೂಲದಂತೆಯೇ ಮಾಡಿಸಿ, ನಡುವೆ ನಿಂತಿದ್ದು ತಾವೇ. ಒಂದರಲ್ಲಿ ಅವರು ಲಕ್ಷ್ಮಿ. ಇನ್ನೊಂದು, ಬ್ರಿಟಿಷರು ಬುಡಕಟ್ಟಿನ ಜನರ ಮೈಯಳತೆ ತೆಗೆಯಲು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ತೆಗೆಯುತ್ತಿದ್ದ ಫೋಟೋದ ಅಣಕ. ಆ ಚೌಕದ ಅಳತೆಗೂ ಚರಿತ್ರೆಯಿದೆ: ಮರದ ಚೌಕಟ್ಟಿಗೆ ರೇಷ್ಮೆ ದಾರ ಬಿಗಿದು 2 ಅಂಗುಲದ ಚೌಕ ಮಾಡಿ ಎಂದು 1869ರಲ್ಲೇ ಲ್ಯಾಂಪ್ರೆ ಎಂಬ ಬ್ರಿಟಿಷ್ ವಿದ್ವಾಂಸ ಸೂಚಿಸಿದ್ದ. ಕಮಲದ ಮೇಲೆ ಕೈಮುಗಿಸಿಕೊಳ್ಳುವವಳು, ಚೌಕದ ಮುಂದೆ ಅಳತೆಗೆ ನಿಂತವಳು. ಎರಡೂ ಫೋಟೋ ಅಕ್ಕಪಕ್ಕ ಇಟ್ಟು ನೋಡಿದರೆ ಎರಡರಲ್ಲೂ ಇರುವುದು ಒಂದೇ ಮುಖ.