ಪದ ಪರಿಚಯ: ಒರಿಜಿನಲ್ ಆರ್ಟ್

'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟದ ಕಾರ್ಡ್ ಸಂಗ್ರಹಿಸುವವರು 'ಒರಿಜಿನಲ್ ಆರ್ಟ್' ಅನ್ನುವುದು ಹಳೆಯ ಕಾರ್ಡಿಗಲ್ಲ, ಅಸಲಿ ಕಾರ್ಡಿಗೂ ಅಲ್ಲ. ಕಾರ್ಡಿನ ಮೇಲೆ ಅಚ್ಚಾಗುವ ಡ್ರ್ಯಾಗನ್ನನ್ನೋ ಮಂತ್ರವಾದಿಯನ್ನೋ ಕಲಾವಿದರು ಕುಂಚ ಹಿಡಿದು ಬರೆದಿರುತ್ತಾರಲ್ಲ, ಆ ಒಂದೇ ಒಂದು ಚಿತ್ರಕ್ಕೆ.

ಮುದ್ರಣ ಕಾಶಿ ಅನ್ನಿಸಿಕೊಂಡ ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಲೆಂಡರ್ ಎಷ್ಟು ಮನೆಯ ಗೋಡೆಗೆ ಹೋದರೂ ಕಲಾವಿದ ಬರೆದ ಲಕ್ಷ್ಮಿ ಒಬ್ಬಳೇ.

ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಬಂತು. 'ಆಲ್ಫಾ' ಎಂಬ ಮೊದಲ ಮುದ್ರಣವಾದದ್ದು ಬೆಲ್ಜಿಯಂನಲ್ಲಿ. ಅದರೊಳಗಿನ 'ಬ್ಲ್ಯಾಕ್ ಲೋಟಸ್' ಕಾರ್ಡಿನ ಕಪ್ಪು ಹೂವು ಕ್ರಿಸ್ಟೋಫರ್ ರಷ್ ಅವರದು. 2021ರಲ್ಲಿ ಅಂಥದೊಂದು ಕಾರ್ಡ್ 5,11,100 ಡಾಲರಿಗೆ ಹೋಯಿತು. ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯ ಮೇಲೆ ರಷ್ ಸಹಿಯೂ ಇತ್ತು. ಅಷ್ಟು ಕೊಟ್ಟರೂ ಕೈಗೆ ಬಂದದ್ದು ಪ್ರೆಸ್ಸಿನ ಮಾಲೇ!

ಕಾರ್ಡಿನ ಅಳತೆ 63 × 88 ಮಿ.ಮೀ. ಚಿತ್ರಕ್ಕೆ ಸಾಮಾನ್ಯವಾಗಿ ಸಿಗುವುದು ಮೇಲರ್ಧ ಮಾತ್ರ. ಉಳಿದದ್ದೆಲ್ಲ ಹೆಸರು, ನಿಯಮ, ಚೌಕಟ್ಟು. ಮೂಲ ಚಿತ್ರದಲ್ಲಿ ಇವೊಂದೂ ಇರುವುದಿಲ್ಲ, ಚೌಕಟ್ಟು ಕತ್ತರಿಸಿ ಹಾಕಿದ ಅಂಚೂ ಉಳಿದಿರುತ್ತದೆ. ಗದಗಿನ ವಿಜಯ ಕಲಾಮಂದಿರದಂಥಲ್ಲಿ ಕಲಿಯುವವರು ಗಮನಿಸಬೇಕಾದದ್ದು ಇದು: ಕ್ಯಾನ್ವಾಸ್ ಎಷ್ಟೇ ದೊಡ್ಡದಿರಲಿ, ಎರಡು ಇಂಚಿಗೆ ಇಳಿದಾಗಲೂ ಆಕೃತಿ ಎದ್ದು ಕಾಣಬೇಕು. ಅದಕ್ಕೇ ಕತ್ತಲ ದೈತ್ಯನ ಬೆನ್ನ ಹಿಂದೆ ಅಷ್ಟೊಂದು ಬೆಳಕು.

ಇನ್ನು ಹಕ್ಕಿನ ಮಾತು. ಅಚ್ಚು ಹಾಕುವ ಹಕ್ಕು ಆಟದ ಕಂಪನಿಯದು, ಬಣ್ಣ ಮೆತ್ತಿದ ಹಲಗೆ ಸಾಮಾನ್ಯವಾಗಿ ಕಲಾವಿದರದು. ಅವರು ಅದನ್ನು ಮಾರಬಹುದು. ಕೊಂಡವರು ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ ತೂಗುಹಾಕಿಕೊಳ್ಳಬಹುದು, ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸಿ ದುರ್ಗದಬೈಲಿನಲ್ಲಿ ಮಾರುವಂತಿಲ್ಲ.

ಈಗ ಬಹಳ ಜನ ಟ್ಯಾಬ್ಲೆಟ್ಟಿನಲ್ಲೇ ಬರೆಯುತ್ತಾರೆ. ಅಲ್ಲಿ ತೂಗುಹಾಕಲು ಮೂಲ ಎಂಬುದೇ ಇಲ್ಲ. ಎಣ್ಣೆಬಣ್ಣ ಬಿಡದವರೂ ಇದ್ದಾರೆ. ಹಟವಷ್ಟೇ ಅಲ್ಲ, ಲೆಕ್ಕಾಚಾರವೂ ಹೌದು: ಕಂಪನಿಯ ಸಂಭಾವನೆಯ ಮೇಲೆ ಚಿತ್ರ ಮಾರಿದ ದುಡ್ಡು ಬೇರೆ.

'ಆರ್ಟಿಸ್ಟ್ ಪ್ರೂಫ್' ಇದರ ಜೊತೆ ಕಲಸಿಹೋಗುವ ಇನ್ನೊಂದು ಪದ. ಅದು ಕಲಾವಿದರಿಗೆಂದು ಕಂಪನಿ ಕೊಡುವ, ಹಿಂಬದಿ ಖಾಲಿ ಬಿಟ್ಟ ಅಚ್ಚಿನ ಕಾರ್ಡ್. ಆ ಬಿಳಿ ಬೆನ್ನ ಮೇಲೆ ಪೆನ್ಸಿಲಿನಲ್ಲೋ ಬಣ್ಣದಲ್ಲೋ ಒಂದು ಚಿತ್ರ ಬರೆಸಿಕೊಳ್ಳುವುದು ಸಂಗ್ರಾಹಕರ ರೂಢಿ. ಹಿಂಬದಿಯದು ಕೈಯಲ್ಲಿ ಬರೆದ ಚಿತ್ರವಾದರೂ ಮುಂಬದಿಯದು ಅಚ್ಚೇ. ಮಾರುವವರು 'ಒರಿಜಿನಲ್' ಅಂದರೆ ಯಾವ ಬದಿಯ ಮಾತೆಂದು ಕೇಳಿ.