ಹೆಡ್‌ಫೋನ್‌ಗೆ ಬೇರೆ ಆಂಪ್ ಬೇಕಾ? ಎರಡು ರೆಸಿಸ್ಟರ್‌ಗಳ ಹಿಂದಿನ ಕಥೆ

ನಮ್ಮ ಮನೆಯ ಹಳೇ ಸ್ಟೀರಿಯೊ ಆಂಪ್‌ನ (ಆಂಪ್ಲಿಫೈಯರ್, ಸದ್ದು ಹೆಚ್ಚಿಸುವ ಪೆಟ್ಟಿಗೆ) ಮುಚ್ಚಳ ಬಿಚ್ಚಿ ಹೆಡ್‌ಫೋನ್ ಜಾಕ್‌ನ ಹಿಂದೆ ನೋಡಿದರೆ, ಸ್ಪೀಕರ್‌ಗೆ ಹೋಗುವ ದಾರಿಯಿಂದಲೇ ಎರಡು ತಂತಿ ಕವಲೊಡೆದು ಅಲ್ಲಿಗೆ ಬಂದಿವೆ. ನಡುವೆ ಎರಡು ರೆಸಿಸ್ಟರ್ (ಕರೆಂಟ್ ತಡೆಯುವ ಪುಟ್ಟ ಭಾಗ), ಎಡಕ್ಕೊಂದು, ಬಲಕ್ಕೊಂದು. ಮೈಮೇಲೆ ಕಿತ್ತಳೆ, ಕಿತ್ತಳೆ, ಕಂದು ಪಟ್ಟಿ. ಅಂದರೆ 330 ಓಮ್ ತಡೆ. ಹೆಡ್‌ಫೋನ್‌ಗಾಗಿ ಅಲ್ಲಿರುವುದು ಇಷ್ಟೇ.

ಹೆಡ್‌ಫೋನ್‌ಗೆ ಅಂತಲೇ ಬೇರೆ ಆಂಪ್ ತಗೋಬೇಕಾ, ಮನೆಯಲ್ಲಿರೋ ಸ್ಟೀರಿಯೊ ಆಂಪ್ ಸಾಲದಾ ಎಂಬ ಚರ್ಚೆಯ ಬೇರು ಈ ಎರಡು ರೆಸಿಸ್ಟರ್‌ಗಳಲ್ಲಿದೆ.

1958ಕ್ಕೂ ಮೊದಲು ಹೆಡ್‌ಫೋನ್ ಅಂದರೆ ಹೆಚ್ಚಾಗಿ ಟೆಲಿಫೋನ್ ಆಪರೇಟರ್, ರೇಡಿಯೊ ಮತ್ತು ಸೇನೆಯವರ ಸಾಮಾನು. ಆ ವರ್ಷ ಅಮೆರಿಕದ ಮಿಲ್ವಾಕಿಯಲ್ಲಿ ಜಾನ್ ಕಾಸ್ ತನ್ನ ಎಸ್‌ಪಿ/3 ಸ್ಟೀರಿಯೊ ಹೆಡ್‌ಫೋನ್ ತೋರಿಸಿದ. ಸ್ಟೀರಿಯೊ ಎಲ್‌ಪಿಗಳು ಅಂಗಡಿಗೆ ಬಂದದ್ದೂ ಅದೇ ವರ್ಷ. ಮನೆಯಲ್ಲಿ ಕೂತು ಹೆಡ್‌ಫೋನ್‌ನಲ್ಲಿ ಸಂಗೀತ ಕೇಳುವ ರೂಢಿ ಹಬ್ಬಿತು, ಆಂಪ್‌ಗಳ ಮುಂಭಾಗಕ್ಕೆ ಜಾಕ್ ಬಂತು.

ಜಾಕ್‌ಗೆ ಬೇರೆ ಸರ್ಕ್ಯೂಟ್ ಕಟ್ಟಿದರೆ ಖರ್ಚು. 50 ವಾಟ್‌ನ ಆಂಪ್ 8 ಓಮ್ ಸ್ಪೀಕರ್‌ಗೆ ಕೊಡುವುದು ಸುಮಾರು 20 ವೋಲ್ಟ್. ಅದನ್ನು ನೇರವಾಗಿ ಕೊಟ್ಟರೆ ಎಷ್ಟೋ ಹೆಡ್‌ಫೋನ್ ಸುಟ್ಟೇ ಹೋಗುತ್ತವೆ. ಅದಕ್ಕೇ ರೆಸಿಸ್ಟರ್‌ನ ತಡೆ. ಯುರೋಪಿನ ಆಗಿನ ಹಲವು ಹೆಡ್‌ಫೋನ್‌ಗಳ ಇಂಪಿಡೆನ್ಸ್ (ಓಮ್‌ನಲ್ಲೇ ಅಳೆಯುವ ಅವುಗಳ ತಡೆ) ಕೂಡ ಜಾಸ್ತಿ ಇತ್ತು. 1968ರ ಸೆನ್‌ಹೈಸರ್ ಎಚ್‌ಡಿ 414ರದ್ದು 2000 ಓಮ್. ಅದರ ಮುಂದೆ 330 ಓಮ್ ಯಾವ ಲೆಕ್ಕ?

"ಸ್ಟೀರಿಯೊ ಆಂಪ್‌ನ ಜಾಕ್‌ಗೆ ದೊಡ್ಡ ಹೆಡ್‌ಫೋನ್ ನಡೆಸುವ ಶಕ್ತಿ ಇಲ್ಲ" ಎಂದು ಹೇಳುವವರಿದ್ದಾರೆ. ಈ ಬಗೆಯ ಆಂಪ್‌ಗಳ ಮಟ್ಟಿಗೆ ಅದು ತಪ್ಪು. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ತಗೊಳ್ಳಿ. 300 ಓಮ್. 1 ವೋಲ್ಟ್ ಕೊಟ್ಟರೆ 97 ಡೆಸಿಬೆಲ್ ಎನ್ನುತ್ತದೆ ಕಂಪನಿ. ಕಿವಿ ನೋಯಿಸುವ 110 ಡೆಸಿಬೆಲ್‌ಗೆ ಸುಮಾರು 4.5 ವೋಲ್ಟ್ ಸಾಕು. 50 ವಾಟ್‌ನ ಆಂಪ್‌ನಲ್ಲಿ ರೆಸಿಸ್ಟರ್ ತಿಂದು ಉಳಿಯುವುದೇ 9 ವೋಲ್ಟ್‌ಗೂ ಜಾಸ್ತಿ.

ತೊಂದರೆ ಇರುವುದು ಬೇರೆ ಕಡೆ. 300 ಓಮ್ ಎಂದು ಬರೆದಿದ್ದರೂ ಎಲ್ಲ ಸ್ವರಕ್ಕೂ ಅದು 300 ಆಗಿರುವುದಿಲ್ಲ. ಎಚ್‌ಡಿ 600ರಲ್ಲಿ 100 ಹರ್ಟ್ಸ್ ಆಸುಪಾಸಿನ ತಗ್ಗಿನ ಸ್ವರಗಳಲ್ಲಿ ಅದು 500 ಓಮ್ ದಾಟುತ್ತದೆ. ಮುಂದೆ ದೊಡ್ಡ ರೆಸಿಸ್ಟರ್ ಇದ್ದರೆ ಆ ಜಾಗದಲ್ಲಿ ಹೆಡ್‌ಫೋನ್ ಪಾಲಿಗೆ ಹೆಚ್ಚು ವೋಲ್ಟೇಜ್ ಬೀಳುತ್ತದೆ. ಲೆಕ್ಕ ಹಾಕಿದರೆ ಸುಮಾರು 2 ಡೆಸಿಬೆಲ್ ಏರಿಕೆ. ನಾನು ಈ ಹಳೇ ಆಂಪ್‌ನಲ್ಲಿ ಹಿಂದೂಸ್ತಾನಿ ಗಾಯನ ಕೇಳುವಾಗ ಡಗ್ಗಾದ ಸದ್ದು ಸ್ವಲ್ಪ ಉಬ್ಬಿದಂತೆ, ಪೆಟ್ಟಿನ ಕೊನೆ ತುಸು ಎಳೆದಂತೆ ಕೇಳುತ್ತದೆ. ನನಗದು ಹಿತ. ಆದರೆ ರೆಕಾರ್ಡಿಂಗ್‌ನಲ್ಲಿ ಇದ್ದದ್ದು ಅದಲ್ಲ, ನಿಜ.

1979ರಲ್ಲಿ ವಾಕ್‌ಮನ್ ಬಂದ ಮೇಲೆ ಚಿತ್ರ ತಿರುಗಿತು. ಎರಡು ಸಣ್ಣ ಸೆಲ್ಲಿನಿಂದ ಹೆಚ್ಚು ವೋಲ್ಟೇಜ್ ಸಿಗದು, ಹಾಗಾಗಿ ಕಡಿಮೆ ಓಮ್‌ನ ಹೆಡ್‌ಫೋನ್‌ಗಳು ಹೆಚ್ಚಿದವು. ದೊಡ್ಡ ಹೆಡ್‌ಫೋನ್ ಇದ್ದವರಿಗೆ ಅಂಥ ಪ್ಲೇಯರ್‌ಗಳಲ್ಲಿ ಸದ್ದೇ ಸಾಲುತ್ತಿರಲಿಲ್ಲ. ಪ್ರತ್ಯೇಕ ಹೆಡ್‌ಫೋನ್ ಆಂಪ್‌ಗೆ ಗಿರಾಕಿ ಸಿಕ್ಕಿದ್ದು ಇಲ್ಲಿ. 1992ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಹೆಡ್‌ರೂಮ್ ಕಂಪನಿ ಅದನ್ನೇ ವ್ಯಾಪಾರ ಮಾಡಿಕೊಂಡಿತು. 90ರ ದಶಕದ ಕೊನೆಗೆ ಚು ಮೋಯ್ ಎಂಬಾತ ಹೆಡ್‌ಫೋನ್ ಆಂಪ್‌ನ ಒಂದು ಸರಳ ಸರ್ಕ್ಯೂಟ್ ಎಲ್ಲರಿಗೂ ಬಿಟ್ಟುಕೊಟ್ಟ. ಸಿಗ್ನಲ್ ಹೆಚ್ಚಿಸುವ ಆಪ್-ಆಂಪ್ ಚಿಪ್, 9 ವೋಲ್ಟ್ ಬ್ಯಾಟರಿ, ಒಂದಷ್ಟು ಬಿಡಿಭಾಗ. ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಅದನ್ನು ಕೂರಿಸುವುದು ಜಗತ್ತಿನಾದ್ಯಂತ ಹುಚ್ಚಾಯಿತು. ನಮ್ಮ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹಾಕಿದರೆ ಸಿಗುವಂಥ ಸಾಮಾನುಗಳೇ ಅವು.

2011ರಲ್ಲಿ ಹೆಸರು ಹೇಳದ ಒಬ್ಬ ಎಂಜಿನಿಯರ್ ಒ2 ಎಂಬ ಆಂಪ್‌ನ ವಿನ್ಯಾಸವನ್ನು ಅಳತೆಗಳ ಸಮೇತ ಹೊರಗಿಟ್ಟ. ಆತ ಒತ್ತಿ ಹೇಳಿದ ಮಾತೊಂದಿದೆ: ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಜಾಕ್‌ನ ಹಿಂದಿರುವ ತಡೆ, ಹೆಡ್‌ಫೋನ್‌ನ ಇಂಪಿಡೆನ್ಸ್‌ನ ಎಂಟನೇ ಒಂದು ಭಾಗ ಮೀರಬಾರದು. 32 ಓಮ್‌ನ ಹೆಡ್‌ಫೋನ್ ಆದರೆ 4 ಓಮ್. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. 2012ರಲ್ಲಿ ಆತ ಬರೆಯುವುದನ್ನು ನಿಲ್ಲಿಸಿದ, ಮಾತು ಉಳಿಯಿತು. ಈಗ ಆಪಲ್‌ನ 9 ಡಾಲರ್‌ನ ಯುಎಸ್‌ಬಿ-ಸಿ ಡಾಂಗಲ್ (ಫೋನ್‌ಗೆ ಹೆಡ್‌ಫೋನ್ ಜೋಡಿಸುವ ಸಣ್ಣ ಕೊಂಡಿ) ಕೂಡ ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ.

ಹಾಗಾದರೆ ಕೊಳ್ಳಬೇಕಾ? ಎಂಟನೇ ಒಂದು ಭಾಗದ ಲೆಕ್ಕದಲ್ಲಿ 330 ಓಮ್‌ನ ಹಳೇ ಜಾಕ್ ಫೇಲೇ, ಆದರೆ ಎಚ್‌ಡಿ 600ರಲ್ಲಿ ಅದರ ಫಲ ಆ 2 ಡೆಸಿಬೆಲ್ ಉಬ್ಬು ಅಷ್ಟೇ. ಹಳೇ ಆಂಪ್ ಇದ್ದು, 250 ಅಥವಾ 300 ಓಮ್‌ನ ಹೆಡ್‌ಫೋನ್ ಇದ್ದರೆ ಸುಮ್ನೆ ದುಡ್ಡು ಹಾಕಬೇಡಿ. ಮೊದಲು ಅದರಲ್ಲೇ ಒಂದು ವಾರ ಕೇಳಿ. ತೆಳು ಹಾಳೆ ಕಂಪಿಸಿ ಸದ್ದು ಮಾಡುವ ಪ್ಲೇನಾರ್ ಹೆಡ್‌ಫೋನ್ ಆದರೂ ಅಡ್ಡಿಯಿಲ್ಲ. ಅವುಗಳ ಇಂಪಿಡೆನ್ಸ್ ಎಲ್ಲ ಸ್ವರಕ್ಕೂ ಹೆಚ್ಚುಕಮ್ಮಿ ಒಂದೇ ಆದ್ದರಿಂದ ರೆಸಿಸ್ಟರ್ ಸದ್ದನ್ನು ತಗ್ಗಿಸುತ್ತದೆ, ಬಣ್ಣ ಕೆಡಿಸುವುದಿಲ್ಲ. ಹೊಸ ಸ್ಟೀರಿಯೊ ಆಂಪ್‌ಗಳ ಕಥೆ ಬೇರೆ. ಹಲವದರಲ್ಲಿ ಜಾಕ್‌ಗೆ ಪ್ರತ್ಯೇಕ ಚಿಪ್ ಇರುತ್ತದೆ, ಕೆಲವದರಲ್ಲಿ ಅದು ಕಾಟಾಚಾರಕ್ಕೆ ಹಾಕಿದ್ದು. ಒಂದು ಎಚ್ಚರಿಕೆ: ಕ್ಲಾಸ್-ಡಿ (ಸ್ವಿಚ್‌ನಂತೆ ಆನ್-ಆಫ್ ಆಗುತ್ತ ನಡೆಯುವ ಬಗೆಯ) ಆಂಪ್‌ನ ಸ್ಪೀಕರ್ ತುದಿಯಿಂದ ನೀವೇ ಹೆಡ್‌ಫೋನ್‌ಗೆ ತಂತಿ ಎಳೆಯಲು ಹೋಗಬೇಡಿ. ಹಲವದರಲ್ಲಿ ಎರಡೂ ಚಾನೆಲ್‌ಗೆ ಸಮಾನ ಗ್ರೌಂಡ್ (ಒಂದೇ ಮೈನಸ್ ತಂತಿ) ಇರುವುದಿಲ್ಲ, ಆಂಪೇ ಹೋಗಬಹುದು.

ಒಂದು ಕಿವಿಗೆ ನಾಲ್ಕೈದು ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಘಟಕ) ಇರುವ ಇಯರ್‌ಫೋನ್ ನಿಮ್ಮದಾದರೆ ಮಾತ್ರ ಹಳೇ ಜಾಕ್‌ನ ಹತ್ತಿರ ಹೋಗಬೇಡಿ. ಅವುಗಳ ಇಂಪಿಡೆನ್ಸ್ ಹತ್ತಾರು ಓಮ್ ಏರಿಳಿಯುತ್ತದೆ, 330 ಓಮ್‌ನ ಹಿಂದೆ ಹಾಡೇ ಬೇರೆಯಾಗುತ್ತದೆ. ಅಂಥದ್ದನ್ನು ನಾನು ಡಾಂಗಲ್‌ಗೆ ಚುಚ್ಚುತ್ತೇನೆ. ಎಚ್‌ಡಿ 600 ಮಾತ್ರ ಆ ಹಳೇ ಆಂಪ್‌ನಲ್ಲೇ ಇದೆ.