ಎಥೆಲ್‌ರೆಡ್: ಚೆಂದದ ಹೆಸರು, ಬಿಡದ ಅಡ್ಡಹೆಸರು

ಇಂಗ್ಲೆಂಡಿನ ಇತಿಹಾಸದಲ್ಲಿ 'ಎಥೆಲ್‌ರೆಡ್ ದಿ ಅನ್‌ರೆಡಿ' ಅಂತ ಒಬ್ಬ ರಾಜ ಬರುತ್ತಾನೆ. ಯಾವುದಕ್ಕೂ ರೆಡಿ ಇಲ್ಲದವನು ಅಂತಲೇ ಬಹಳ ಮಂದಿ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ನಾವು ದಿನಾ ಆಡುವ 'ರೆಡಿ'ಗೂ ಇದಕ್ಕೂ ಸಂಬಂಧವೇ ಇಲ್ಲ.

ಹಳೆಯ ಇಂಗ್ಲಿಷಿನಲ್ಲಿ 'ಎಥೆಲ್' ಎಂದರೆ ದೊಡ್ಡ ಮನೆತನದ, ಕುಲೀನ. 'ರೇಡ್' ಎಂದರೆ ಸಲಹೆ, ಬುದ್ಧಿಮಾತು. ಎರಡೂ ಇಂಗ್ಲಿಷ್, ಜರ್ಮನ್ ಸೇರಿದ ಜರ್ಮನಿಕ್ ಭಾಷೆಗಳ ಹಳೇ ಆಸ್ತಿ. ಆಲ್ಬರ್ಟ್, ಅಡೆಲ್‌ಹೈಡ್‌ಗಳಲ್ಲಿ ಮೊದಲನೆಯದಿದೆ, ಆಲ್ಫ್ರೆಡ್, ಕಾನ್ರಾಡ್‌ಗಳಲ್ಲಿ ಎರಡನೆಯದು. ಜರ್ಮನಿಯಲ್ಲಿ ನಗರಸಭೆಯ ಕಟ್ಟಡಕ್ಕೆ ಇವತ್ತಿಗೂ 'ರಾಟ್‌ಹೌಸ್' ಎನ್ನುತ್ತಾರೆ. ಆ 'ರಾಟ್' ಕೂಡ ಇದೇ ಪದ.

'ಅನ್‌ರೇಡ್' ಎಂದರೆ ಕೆಟ್ಟ ಸಲಹೆ. ಸುಮಂತ್ರ ಎಂಬ ಹೆಸರಿನವನನ್ನು 'ದುರ್ಮಂತ್ರ' ಅಂತ ಅಣಕಿಸಿದ ಹಾಗೆ. ಈ ಕುಚೋದ್ಯ ಬರಹದಲ್ಲಿ ಕಾಣಿಸುವುದು 1180ರ ದಶಕದಲ್ಲಿ. ರಾಜ ಸತ್ತದ್ದು 1016ರಲ್ಲಿ! ಆಮೇಲೆ 'ರೇಡ್' ಜನರ ಬಾಯಿಂದ ಮರೆಯಾಯಿತು, 'ಅನ್‌ರೇಡ್' ಹೋಗಿ 'ಅನ್‌ರೆಡಿ' ಆಯಿತು, ಕುಚೋದ್ಯ ಬೈಗುಳವಾಗಿ ಉಳಿಯಿತು.

978ರಲ್ಲಿ ಮಲಅಣ್ಣ ಎಡ್ವರ್ಡ್‌ನ ಕೊಲೆಯಾದಾಗ ಪಟ್ಟಕ್ಕೆ ಬಂದ ಈತ ಇನ್ನೂ ಹುಡುಗ. ಡೇನರ (ಡೆನ್ಮಾರ್ಕ್ ಕಡೆಯ ವೈಕಿಂಗರ) ದಾಳಿ ತಡೆಯಲು 991ರಲ್ಲಿ 10,000 ಪೌಂಡ್ ಕೊಟ್ಟರು. 1012ರ ಹೊತ್ತಿಗೆ ಅದು 48,000 ಆಗಿತ್ತು. 1002ರ ನವೆಂಬರ್ 13ರಂದು ಡೇನರನ್ನು ಕೊಲ್ಲಲು ಆತನೇ ಆಜ್ಞೆ ಕೊಟ್ಟಿದ್ದ. ಅದಕ್ಕೆ ಸಮಜಾಯಿಷಿ ಇಲ್ಲ.

ಆದರೆ ಆತನ ಬೆಳ್ಳಿ ಪೆನ್ನಿಯನ್ನೂ ಒಮ್ಮೆ ನೋಡಬೇಕು. ತೆಳ್ಳಗಿನ ಪುಟ್ಟ ನಾಣ್ಯ. ಒಂದು ಬದಿ ರಾಜನ ಮುಖ, ಸುತ್ತ ಹೆಸರು. ಇನ್ನೊಂದು ಬದಿ ಶಿಲುಬೆ. ಚಿಲ್ಲರೆ ಬೇಕಾದರೆ ಶಿಲುಬೆಯ ಗೆರೆ ಹಿಡಿದು ಅರ್ಧಕ್ಕೆ, ಕಾಲಿಗೆ ಕತ್ತರಿಸುತ್ತಿದ್ದರು. ಕೆಲವು ವರ್ಷಕ್ಕೊಮ್ಮೆ ಅಚ್ಚು ಬದಲಾಗುತ್ತಿತ್ತು, ಹತ್ತಾರು ಊರುಗಳಲ್ಲಿ ಒಂದೇ ನಮೂನೆ. ಆಡಳಿತ ಹದಗೆಟ್ಟ ನಾಡಲ್ಲಿ ಇದು ಆಗುವ ಮಾತೇ? ಸ್ಕ್ಯಾಂಡಿನೇವಿಯಾದಲ್ಲಿ ಇವು ರಾಶಿ ರಾಶಿ ಸಿಕ್ಕಿವೆ. ಎಷ್ಟೋ ನಾಣ್ಯಗಳ ಮೇಲೆ, ಬೆಳ್ಳಿ ಅಸಲಿಯೋ ಅಂತ ಚೂಪು ತುದಿಯಿಂದ ಚುಚ್ಚಿ ನೋಡಿದ ಗುರುತಿದೆ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ವಿಲಿಯಂ, ರಾಬರ್ಟ್, ರಿಚರ್ಡ್ ಜಾಸ್ತಿಯಾದರು. ತಮಾಷೆ ಎಂದರೆ ಅವೂ ಜರ್ಮನಿಕ್ ಹೆಸರುಗಳೇ, ಫ್ರಾನ್ಸ್ ಸುತ್ತಿ ಬಂದವು. 19ನೇ ಶತಮಾನದಲ್ಲಿ 'ಎಥೆಲ್' ಮಾತ್ರ ಹೆಣ್ಣುಮಕ್ಕಳ ಹೆಸರಾಗಿ ಮರಳಿತು. ಗಂಡುಮಕ್ಕಳಿಗೆ ಎಥೆಲ್‌ರೆಡ್ ಅಂತ ಇಡುವವರು ಈಗಲೂ ಅಪರೂಪ.